ಮೂರು ನಿಮಿಷದ ದೀಪ

೮ ನವೆಂಬರ್, ಬುಧವಾರ

ಮಾತು ನಿಂತು ಇವತ್ತಿಗೆ ಒಂದು ದಿನ. ನಿನ್ನೆ ಗಂಟಲೊಳಗೆ ಕೊಳವೆ ಇಳಿಸಿ, ಧ್ವನಿತಂತುವಿನ ಮೇಲೆ ಬೆಳೆದಿದ್ದ ಪಾಲಿಪ್ ಎಂಬ ಗಂಟನ್ನು ಕತ್ತರಿಸಿ ತೆಗೆದರು. ಸಾಸಿವೆ ಕಾಳಿನಷ್ಟು ಇತ್ತಂತೆ. ಹತ್ತೊಂಬತ್ತು ವರ್ಷ ಜರ್ಮನಿಯ ಈ ಹೈಡೆಲ್‌ಬರ್ಗಿನ ಕಿಂಡರ್‌ಗಾರ್ಟನ್ನಿನಲ್ಲಿ ಮಕ್ಕಳ ಹಿಂದೆ ಕೂಗಿದ್ದು, ಕಾಯಿರ್ ಹಾಡಿಸಿದ್ದು, ಕನ್ನಡ ಕ್ರೈಸ್ತರ ಕೂಟದಲ್ಲಿ ತಾಸುಗಟ್ಟಲೆ ಪ್ರಾರ್ಥನೆ ಮಾಡಿದ್ದು, ಎಲ್ಲ ಸೇರಿ ಒಂದು ಸಾಸಿವೆ ಕಾಳು.

ಹತ್ತು ದಿನ ಒಂದಕ್ಷರ ಆಡಬಾರದು. ಪಿಸುಗುಟ್ಟಲೂಬಾರದು, ಅದು ಮಾತಿಗಿಂತ ಕೆಟ್ಟದ್ದು ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಗಾಯ ಸರಿಯಾಗಿ ಮಾಯದಿದ್ದರೆ ಕಲೆ ಉಳಿಯುತ್ತದೆ, ಕಲೆ ಉಳಿದರೆ ಹಾಡುವುದಂತೂ ಇಲ್ಲ, ಮಾತೂ ಅನುಮಾನ.

ಮನೆಗೆ ಕರೆತರುವಾಗ ನನ್ನ ಗಂಡ ಜೋಶುವಾ ಕಾರಿನಲ್ಲಿ, "ಇನ್ನು ಹತ್ತು ದಿನ ನನಗೂ ಸ್ವಲ್ಪ ಚಾನ್ಸ್ ಉಂಟು" ಎಂದರು. ಎಷ್ಟು ವರ್ಷದಿಂದ ಕಾದಿದ್ದರೋ ಏನೋ. ಆದರೆ ವಾಲ್‌ಡಾರ್ಫಿನ ಆಫೀಸಿನ ಸುದ್ದಿ ಎರಡು ವಾಕ್ಯಕ್ಕೇ ಮುಗಿಯಿತು. ಇವರಿಗೆ ಮಾತಾಡಲಿಕ್ಕೆ ಇದ್ದದ್ದೇ ಅಷ್ಟು. ಮಾತಾಡದವಳಿಗೆ ದಿನ ಬಹಳ ಉದ್ದ. ಅದಕ್ಕೇ ಈ ನೋಟ್‌ಬುಕ್.

೯ ನವೆಂಬರ್, ಗುರುವಾರ

ಬೆಳಿಗ್ಗೆ ಐದೂವರೆಗೆ ಎಂದಿನಂತೆ ಕೆಲ್ಲರಿಗೆ ಇಳಿದೆ. ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಮರದ ಪಟ್ಟಿಗಳ ಒಂದೊಂದು ಗೂಡು. ನಮ್ಮದರಲ್ಲಿ ಮೂರು ಸೂಟ್‌ಕೇಸ್, ಅಕ್ಕಿ ಚೀಲ, ಜೋಶುವಾ ಒಂದೇ ಸಲ ಬಳಸಿದ ಸ್ಕೀ ಬೂಟು, ನನ್ನ ಮಡಚು ಕುರ್ಚಿ.

ದೇವರ ಸನ್ನಿಧಿಗೆ ಇಂಥ ಜಾಗ ಹುಡುಕಿದ್ದು ನಾನಾಗಿ ಅಲ್ಲ. ಎಂಟು ವರ್ಷದ ಹಿಂದೆ ಕೆಳಗಿನ ಮನೆಯ ಬ್ರಾಂಟ್ ಅವರು, ಬೆಳಗಿನ ರೂಹೆಟ್ಸೈಟ್ ಹೊತ್ತಿನಲ್ಲಿ ಮೇಲಿನ ಮನೆಯಲ್ಲಿ ದಿನವೂ ಜಗಳ ನಡೆಯುತ್ತದೆ ಎಂದು ಕಟ್ಟಡ ನೋಡಿಕೊಳ್ಳುವ ಹೌಸ್‌ಫರ್ವಾಲ್ಟುಂಗಿಗೆ ಕಾಗದ ಬರೆದರು. ಸದ್ದು ಮಾಡಬಾರದ ಹೊತ್ತಿನಲ್ಲಿ ನಾನು ಸದ್ದು ಮಾಡಿದ್ದೆ, ಒಪ್ಪುತ್ತೇನೆ. ಆದರೆ ಅದು ಜಗಳವಲ್ಲ, ವಿಜ್ಞಾಪನೆ. ಉಡುಪಿಯ ಮಿಷನ್ ಕಂಪೌಂಡಿನಲ್ಲಿ ಅಪ್ಪ ಪ್ರಾರ್ಥನೆಗೆ ನಿಂತರೆ ರಸ್ತೆಯಲ್ಲಿ ಹೋಗುವವರು ಆಮೆನ್ ಹೇಳುತ್ತಿದ್ದರು. ನಾನು ಅವರ ಮಗಳು.

ಇಲ್ಲಿ ಒಂದೇ ತೊಂದರೆ. ಲೈಟ್ ಮೂರು ನಿಮಿಷಕ್ಕೆ ತಾನೇ ಆರುತ್ತದೆ. ಎದ್ದು ಹೋಗಿ ಸ್ವಿಚ್ ಒತ್ತಿ ಬರಬೇಕು. ನನ್ನ ಪ್ರಾರ್ಥನೆಯ ಪಟ್ಟಿಯಲ್ಲಿ ಅರವತ್ತಮೂರು ಹೆಸರು, ಒಟ್ಟು ಹದಿಮೂರು ಸಲ ಏಳಬೇಕು. ಇವತ್ತು ಎಲ್ಲ ಹೆಸರನ್ನೂ ಹೇಳಿದೆ, ಸ್ವರ ಹೊರಡಿಸದೆ ಬರೀ ಉಸಿರಿನಲ್ಲಿ. ಮೊದಲ ಹೆಸರು ಹಿಲ್ಡಾ ಆಂಟಿಯದ್ದು.

೧೨ ನವೆಂಬರ್, ಭಾನುವಾರ

ಕೂಟದಲ್ಲಿ ನನ್ನ ಬದಲು ಸುನಿಲಕುಮಾರ್ ಪ್ರಾರ್ಥನೆ ಮಾಡಿದರು. ನಾಲ್ಕು ನಿಮಿಷ. ಅಷ್ಟರಲ್ಲಿ ನಾನು ಸ್ತೋತ್ರವನ್ನೇ ಮುಗಿಸಿರುವುದಿಲ್ಲ. ಎಲ್ಲರೂ ಬೇಗ ಕಾಫಿಗೆ ಎದ್ದರು, ಖುಷಿಯಾಗಿಯೇ ಇದ್ದರು. ನನಗೆ ಉರಿಯಿತು ಎಂದು ಇಲ್ಲಿ ಬರೆಯಬಹುದು, ಇದನ್ನು ಓದುವವರು ಯಾರೂ ಇಲ್ಲ.

ಆಮೇಲೆ ರೋರ್‌ಬಾಖಿಗೆ ಹಿಲ್ಡಾ ಆಂಟಿಯನ್ನು ನೋಡಲು ಹೋದೆ. ಆಂಟಿಗೆ ಎಪ್ಪತ್ತೆಂಟು. ಇಪ್ಪತ್ತು ತುಂಬುವ ಮೊದಲೇ ಮಂಗಳೂರಿನಿಂದ ನರ್ಸ್ ಆಗಿ ಬಂದವರು, ಮದುವೆಯಾಗಲಿಲ್ಲ. ಹೊಟ್ಟೆಯ ಕ್ಯಾನ್ಸರ್ ಈಗ ಎಲ್ಲ ಕಡೆ ಹಬ್ಬಿದೆ. ಕ್ರಿಸ್‌ಮಸ್ ನೋಡುವುದು ಕಷ್ಟ ಎಂದು ಆಂಟಿಯೇ, ಬೇರೆ ಯಾರದೋ ಕೇಸ್‌ಶೀಟ್ ಓದಿದ ಹಾಗೆ ಹೇಳುತ್ತಾರೆ.

ಎರಡು ವರ್ಷದ ಹಿಂದೆ, ಮೊದಲ ಆಪರೇಷನ್ನಿನ ದಿನ, ಅವರು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು. "ನನ್ನ ಕಡೇ ಹೊತ್ತಿಗೆ ನೀನು ಬಂದು ಕನ್ನಡದಲ್ಲಿ ಪ್ರಾರ್ಥನೆ ಮಾಡ್ಬೇಕು ರೆಬೆಕಾ. ಜರ್ಮನ್‌ನಲ್ಲಿ ಕೆಲಸ ಮಾಡ್ಲಿಕ್ಕೆ ಬಂತು, ಅಂಗಡಿಗೆ ಹೋಗ್ಲಿಕ್ಕೆ ಬಂತು. ಸಾಯ್ಲಿಕ್ಕೆ ಬರುದಿಲ್ಲ." ಮಾಡುತ್ತೇನೆ ಆಂಟಿ ಎಂದು ಮಾತು ಕೊಟ್ಟೆ. ನಾನು ಆಪರೇಷನ್ನಿಗೆ ಒಪ್ಪಿದ್ದೇ ಅದಕ್ಕಾಗಿ. ಆ ಹೊತ್ತಿಗೆ ನನ್ನ ಗಂಟಲು ಇರಬೇಕು.

೧೭ ನವೆಂಬರ್, ಶುಕ್ರವಾರ

ನಾಚಿಕೆಯಾಗಿದೆ, ಬರೆಯದೆ ಹೋಗುವುದಿಲ್ಲ.

ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರಮ್ಮನ ಮುಖ ಸಣ್ಣದಾಯಿತು. ಗಾಯ ಮಾದಿಲ್ಲ, ಕೆಂಪಗೆ ಊದಿದೆ. ಧ್ವನಿಚಿಕಿತ್ಸೆಯ ಫ್ರಾವ್ ಲಿಂಡ್ನರ್ ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು, "ಯಾರ ಹತ್ತಿರ ಮಾತಾಡುತ್ತಿದ್ದೀರಿ?"

ಯಾರ ಹತ್ತಿರವೂ ಇಲ್ಲ ಎಂದು ಚೀಟಿಯಲ್ಲಿ ಬರೆದೆ. ಆಣೆ ಇಟ್ಟು ಹೇಳುವಷ್ಟು ಧೈರ್ಯದಿಂದ ಬರೆದೆ.

"ಫೋನಿನಲ್ಲಿ? ಬೆಕ್ಕಿನ ಹತ್ತಿರ? ಗಿಡಗಳ ಹತ್ತಿರ? ತುಂಬ ಜನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ."

ಆಗ ಹೊಳೆಯಿತು. ದಿನಕ್ಕೆ ಮುಕ್ಕಾಲು ತಾಸು ಪ್ರಾರ್ಥನೆ ಮಾಡುತ್ತೇನೆ, ಪಿಸುದನಿಯಲ್ಲಿ, ಎಂದು ಬರೆದುಕೊಟ್ಟೆ. ಅವರು ನಗಲಿಲ್ಲ. ಚೀಟಿಯನ್ನು ತಿರುಗಿಸಿ ಇಟ್ಟು, "ಧ್ವನಿತಂತುವಿಗೆ ನೀವು ಯಾರೊಂದಿಗೆ ಮಾತಾಡುತ್ತೀರಿ ಎಂದು ಗೊತ್ತಾಗುವುದಿಲ್ಲ" ಎಂದರು.

ಮನುಷ್ಯರ ಹತ್ತಿರ ತಾನೇ ಬಾಯಿ ಮುಚ್ಚಬೇಕಾದ್ದು ಎಂದುಕೊಂಡಿದ್ದೆ. ದೇವರೊಂದಿಗೆ ಆಡುವುದೂ ಗಂಟಲಿನಿಂದಲೇ ಎಂಬುದು ಐವತ್ತೆರಡು ವರ್ಷದ ಹೆಂಗಸಿಗೆ ಹೊಳೆದಿರಲಿಲ್ಲ. ಇನ್ನು ಮೂರು ವಾರ, ತುಟಿ ಕೂಡ ಅಲುಗಬಾರದು. ಹಿಲ್ಡಾ ಆಂಟಿಗೆ ಮೂರು ವಾರ ಉಂಟೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವಸರ ಮಾಡಿ ಮಾತಾಡಿದರೆ ಸ್ವರ ಹೋಗುತ್ತದೆ, ಕಾದರೆ ಆಂಟಿ ಹೋಗುತ್ತಾರೆ.

೧೮ ನವೆಂಬರ್, ಶನಿವಾರ

ಉಪಾಯ ಮಾಡಿದೆ. ಕೆಲ್ಲರಿನಲ್ಲಿ ತುಟಿಗಳ ನಡುವೆ ಒಂದು ಲವಂಗ ಇಟ್ಟು ಕೂತೆ. ತುಟಿ ಅಲುಗಿದರೆ ಬೀಳುತ್ತದೆ. ನಾಲ್ಕನೆಯ ಹೆಸರಿಗೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಕತ್ತಲಾದಾಗಲೆಲ್ಲ ಎದ್ದು ಸ್ವಿಚ್ ಒತ್ತಿದೆ, ಲವಂಗ ಹುಡುಕಿದೆ. ಇದು ಪ್ರಾರ್ಥನೆಯೋ ಮಕ್ಕಳ ಬರ್ತ್‌ಡೇ ಪಾರ್ಟಿಯ ಆಟವೋ ದೇವರೇ ಹೇಳಬೇಕು.

೨೦ ನವೆಂಬರ್, ಸೋಮವಾರ

ಮನಸ್ಸಿನಲ್ಲಿ ಹೇಳಿದರೂ ನಾಲಿಗೆಯ ಬುಡ ಅಲುಗುತ್ತದೆ. ಇವತ್ತು ಪಟ್ಟಿಯನ್ನು ಮೊಣಕಾಲ ಮೇಲೆ ಹರಡಿ, ಹೆಸರುಗಳ ಮೇಲೆ ಬೆರಳಾಡಿಸಿದೆ. ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಉಳಿದ ಹೊತ್ತು ಸ್ಕೀ ಬೂಟು ನೋಡಿದೆ. ಸಿಟ್ಟು ಬಂತು. ನನಗೆ ಇದ್ದದ್ದು ಒಂದೇ ವಿದ್ಯೆ, ಅದನ್ನೇ ದೇವರು ಕಸಿದು ಕೂರಿಸಿದ್ದಾನೆ.

೨೩ ನವೆಂಬರ್, ಗುರುವಾರ

ಹಿಲ್ಡಾ ಆಂಟಿ ಇನ್ನೂ ಮನೆಯಲ್ಲೇ ಇದ್ದಾರೆ. ಅಡುಗೆಮನೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ದಿನಾ ಬೆಳಿಗ್ಗೆ ಒಂದು ಕಪ್ ಚಾ ಹಿಡಿದು ಆ ಕುರ್ಚಿಯಲ್ಲಿ ಒಂದು ತಾಸು ಕೂರುವುದು ಅವರ ಅಭ್ಯಾಸ. ಹಾಡಿಲ್ಲ, ಓದಿಲ್ಲ, ಒಂದು ಮಾತಿಲ್ಲ. ಕೇಳಿದರೆ "ದೇವರ ಹತ್ತಿರ ಕೂತಿದ್ದೆ" ಎನ್ನುತ್ತಾರೆ. ಒಂಟಿಯಾಗಿ ಬದುಕಿದವರ ಸೋಮಾರಿತನ ಎಂದು ನಾನು ಜೋಶುವಾ ಹತ್ತಿರ ಹೇಳಿದ್ದುಂಟು. ಆಂಟಿಯ ಹೆಸರನ್ನು ಪಟ್ಟಿಯ ಮೊದಲಿಗೆ ಹಾಕಿದ್ದಕ್ಕೆ ಅದೂ ಒಂದು ಕಾರಣ.

ನನ್ನ ಕಷ್ಟವನ್ನು ಮೂರು ಪುಟ ಬರೆದುಕೊಟ್ಟೆ. ಕನ್ನಡಕ ಹಾಕಿ ನಿಧಾನಕ್ಕೆ ಓದಿದರು.

"ನೀನು ಮಾತಾಡದೆ ಕೂತ್ರೆ ದೇವರು ಎದ್ದು ಹೋಗ್ತಾರೇನು ಮಾರಾಯ್ತಿ?"

ನಿಮ್ಮ ಪ್ರಾರ್ಥನೆ ಏನಾಗಬೇಕು, ಮಾತು ಕೊಟ್ಟಿದ್ದೇನಲ್ಲ, ಎಂದು ಬರೆದೆ.

"ಅದು ಆಗ್ತದೆ. ನೀನು ಹೆದರ್ಬೇಡ. ಸಾಯುವವರ ಹತ್ತಿರ ನಾನು ಎಷ್ಟು ಕೂತಿದ್ದೇನೆ ಗೊತ್ತುಂಟಾ? ಮೊದಮೊದಲು ನಾನೂ ಸುಮಾರು ಮಾತಾಡ್ತಿದ್ದೆ. ನನ್ನ ಹೆದರಿಕೆಗೆ." ಆಮೇಲೆ ಚಾ ತಣ್ಣಗಾಯಿತು ಎಂದರು, ಬಿಸಿ ಮಾಡಿಕೊಟ್ಟೆ. ಎದುರಿನ ಮನೆಯ ಮಾಡಿನ ಮೇಲೆ ಬಿಸಿಲು ಬಂತು, ಹೋಯಿತು. ಮನೆಗೆ ಹೊರಟಾಗ ಎರಡು ತಾಸು ಕಳೆದಿತ್ತು.

೨೫ ನವೆಂಬರ್, ಶನಿವಾರ

ಇವತ್ತು ಲೈಟ್ ಆರಿದಾಗ ಏಳಲಿಲ್ಲ. ಭಕ್ತಿಯಿಂದ ಅಲ್ಲ, ಮೊಣಕಾಲು ನೋಯುತ್ತಿತ್ತು.

ಕೆಲ್ಲರಿನ ಕತ್ತಲು ಬೇರೆ ಕತ್ತಲಿನಂತಲ್ಲ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಮೊದಲು ಪೈಪಿನೊಳಗೆ ನೀರು ಓಡುವುದು ಕೇಳಿಸಿತು. ಆಮೇಲೆ ನನ್ನ ಉಸಿರು. ಆಮೇಲೆ ಅದನ್ನೂ ಕೇಳುವುದು ಬಿಟ್ಟುಹೋಯಿತು. ಆಗ ಅಲ್ಲಿ ಯಾರೋ ಇದ್ದಾರೆ ಅನಿಸಿತು.

ಹೆದರಿದೆ. ಕಳ್ಳನ ಹೆದರಿಕೆಯಲ್ಲ. ಅಪ್ಪ ತಮ್ಮ ಓದುವ ಕೋಣೆಯಲ್ಲಿ ತಲೆ ತಗ್ಗಿಸಿ ಕೂತಿರುವಾಗ, ಏನೋ ಕೇಳಬೇಕೆಂದು ಓಡಿ ಬಂದ ನಾನು ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಅಂಥ ಹೆದರಿಕೆ. ಅಪ್ಪ ನನ್ನನ್ನು ನೋಡದಿದ್ದರೂ ನಾನು ಬಂದದ್ದು ಅವರಿಗೆ ಗೊತ್ತಿರುತ್ತಿತ್ತು. ಕೇಳಬೇಕಾದ್ದು ಮರೆತುಹೋಗುತ್ತಿತ್ತು.

ಹುಟ್ಟಿದಾಗಿನಿಂದ ಬಾಗಿಲು ತಟ್ಟುತ್ತಲೇ ಇದ್ದೇನೆ. ತಟ್ಟುವ ಸದ್ದಿನಲ್ಲಿ, ಒಳಗಿನಿಂದ ಎಷ್ಟು ಸಲ ಬಾಗಿಲು ತೆರೆದಿದ್ದರೋ ನನಗೆ ಗೊತ್ತೇ ಆಗಿರಲಿಕ್ಕಿಲ್ಲ. ಅತ್ತುಬಿಟ್ಟೆ. ಯಾಕೆ ಎಂದು ಕೇಳಿದರೆ ಹೇಳಲಾರೆ.

೨೬ ನವೆಂಬರ್, ಭಾನುವಾರ

ಹೋಗಿ ಕೂತೆ. ಏನೂ ಆಗಲಿಲ್ಲ. ಬರೀ ಕತ್ತಲು. ಆದರೂ ಎದ್ದು ಬರುವ ಮನಸ್ಸಾಗಲಿಲ್ಲ.

೨೯ ನವೆಂಬರ್, ಬುಧವಾರ

ಬ್ರಾಂಟ್ ಅವರು ಸೈಕಲ್ ತೆಗೆಯಲು ಕೆಳಗೆ ಬಂದು ಲೈಟ್ ಹಾಕಿದರೆ, ಮರದ ಪಟ್ಟಿಗಳ ಹಿಂದೆ ಶಾಲು ಹೊದ್ದು ಕೂತ ನಾನು. ಪಾಪ, ಗೋಡೆ ಹಿಡಿದುಕೊಂಡರು. "ಕರೆಂಟ್ ಹೋಗಿದೆಯಾ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. "ಮನೆಯಲ್ಲಿ ಏನಾದರೂ ಜಗಳವಾ?" ಮತ್ತೆ ತಲೆಯಾಡಿಸಿ ನಕ್ಕೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಸೈಕಲನ್ನು ನೆಲಕ್ಕೆ ತಾಗದ ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಒಳ್ಳೆಯ ಮನುಷ್ಯ. ಇವರ ಹೆಸರು ಎಂಟು ವರ್ಷದಲ್ಲಿ ಒಂದು ದಿನವೂ ನನ್ನ ಪಟ್ಟಿಯಲ್ಲಿ ಇರಲಿಲ್ಲ.

೪ ಡಿಸೆಂಬರ್, ಸೋಮವಾರ

ಮೂರು ದಿನದಿಂದ ಹಿಮ. ಹಿಲ್ಡಾ ಆಂಟಿಯನ್ನು ಕೊನೆಗಾಲದವರನ್ನು ನೋಡಿಕೊಳ್ಳುವ ಹಾಸ್ಪಿಸ್‌ಗೆ ಸೇರಿಸಿದರು. ಹೆಚ್ಚೆಂದರೆ ಒಂದು ವಾರ ಎನ್ನುತ್ತಾರೆ.

ಡಾಕ್ಟರ ಅಪಾಯಿಂಟ್‌ಮೆಂಟ್ ಗುರುವಾರ ಎಂದು ಜೋಶುವಾ ನೆನಪಿಸಿದರು. "ದಿನಾ ಕ್ಯಾಲೆಂಡರಿಗೆ ಗೀಟು ಹಾಕ್ತಿದ್ದವಳು ನೀನು. ಈಗ ನಾನು ಹೇಳ್ಬೇಕಾ?" ಎಂದರು. ಹೌದು, ಗೀಟು ನಿಂತು ಎಂಟು ದಿನವಾಗಿದೆ. ಪಟ್ಟಿಯ ಹಾಳೆಯೂ ಎಲ್ಲಿಟ್ಟೆನೋ ಕಾಣುವುದಿಲ್ಲ. ಹುಡುಕಬೇಕು.

೭ ಡಿಸೆಂಬರ್, ಗುರುವಾರ

ಗಾಯ ಮಾದಿದೆ. ಗಾಜಿನಂತೆ ನಯವಾಗಿದೆ ಎಂದು ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ನನ್ನ ಒಳಗಿನ ಎರಡು ಬಿಳಿ ಎಳೆ, ಉಸಿರಿಗೆ ತೆರೆಯುತ್ತ ಮುಚ್ಚುತ್ತ ಇದ್ದವು. ಇಷ್ಟು ಸಣ್ಣ ಬಾಗಿಲಿನಿಂದ ಅಷ್ಟೊಂದು ಮಾತು ಹೊರಗೆ ಬಂತಲ್ಲ ಎಂದು ಬಾಯಿ ಬಿಟ್ಟುಕೊಂಡು ನೋಡಿದೆ. ಹೇಗೂ ಬಾಯಿ ಬಿಟ್ಟೇ ಇತ್ತು.

ಇವತ್ತಿನಿಂದ ದಿನಕ್ಕೆ ಹತ್ತು ನಿಮಿಷ, ಮೆದುವಾಗಿ ಮಾತಾಡಬಹುದು. ಫ್ರಾವ್ ಲಿಂಡ್ನರ್ ಒಂದು ಹಾಳೆ ಕೊಟ್ಟಿದ್ದಾರೆ. ಯಾವ ದಿನ ಎಷ್ಟು ಹೊತ್ತು ಎಂದು ಬರೆದಿಡಬೇಕು.

ಇವತ್ತು ಏನೂ ಆಡಲಿಲ್ಲ. ಮೊದಲ ಮಾತು ಆಂಟಿಯ ಹತ್ತಿರವೇ ಆಗಲಿ ಎಂದು ಆಸೆ. ಜೋಶುವಾಗೆ ಬರೆದು ತೋರಿಸಿದೆ, ಅವರಿಗೂ ಸರಿ ಅನಿಸಿತು. ಸಂಜೆ ಕೂತು ಪ್ರಾರ್ಥನೆಯನ್ನು ಕಾಗದದ ಮೇಲೆ ಬರೆದೆ. ವಾಚ್ ಇಟ್ಟುಕೊಂಡು ಮನಸ್ಸಿನಲ್ಲೇ ಓದಿದೆ, ಎಂಟು ನಿಮಿಷ. ಎರಡು ನಿಮಿಷ ಅಳು ಬಂದರೆ ಎಂದು ಇಟ್ಟುಕೊಂಡೆ. ಚೆನ್ನಾಗಿ ಬಂದಿದೆ. ಅಪ್ಪ ಮೆಚ್ಚುತ್ತಿದ್ದರು.

೮ ಡಿಸೆಂಬರ್, ಶುಕ್ರವಾರ

ಮಧ್ಯಾಹ್ನ ಎರಡಕ್ಕೆ ಹಾಸ್ಪಿಸ್‌ನಿಂದ ಫೋನ್. ನಾನು ಬಸ್ಸಿನಲ್ಲಿ ಹೋದೆ. ಜೋಶುವಾ ಕೂಟದ ಗುಂಪಿಗೆಲ್ಲ ಮೆಸೇಜ್ ಹಾಕಿ ವಾಟ್ಸಾಪ್ ಕಾಲ್ ಶುರುಮಾಡಿದರು, ಎಲ್ಲರೂ ಇದ್ದಲ್ಲಿಂದಲೇ ಪ್ರಾರ್ಥನೆಗೆ ಸೇರಲಿ ಎಂದು. ಹದಿನಾಲ್ಕು ಜನ. ನಾನು ಫೋನನ್ನು ಕಿಟಕಿಯ ಅಂಚಿಗೆ ಒರಗಿಸಿಟ್ಟೆ.

ಆಂಟಿ ಕಣ್ಣು ಮುಚ್ಚಿ ಮಲಗಿದ್ದರು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಎಷ್ಟೋ ಹೊತ್ತಿನ ಮೇಲೆ ಮತ್ತೆ ಬರುತ್ತಿತ್ತು. ಕುರ್ಚಿ ಎಳೆದು ಕೂತು ಕಾಗದ ತೆರೆದೆ. ಕನ್ನಡಕ ಹಾಕಿದೆ. ಬಾಯಿ ತೆರೆಯಬೇಕು, ಅಷ್ಟೇ.

ಆಗ ಗೊತ್ತಾಯಿತು. ಕೆಲ್ಲರಿನಲ್ಲಿ ಇದ್ದವರು ಇಲ್ಲಿಯೂ ಇದ್ದರು. ನಾನು ಬರುವ ಮೊದಲೇ ಬಂದಿದ್ದರು. ಇಷ್ಟು ಬೆಳಕಿನಲ್ಲಿ, ಹಿಮದ ಹೊಳಪು ಗೋಡೆಗೆಲ್ಲ ಬಿದ್ದಿರುವಾಗ, ಡ್ರಿಪ್ಪಿನ ಕಂಬ, ನೀರಿನ ಲೋಟ, ಆಂಟಿಯ ಕನ್ನಡಕದ ಡಬ್ಬಿ, ಎಲ್ಲದರ ನಡುವೆ. ಆಂಟಿಗೂ ಅವರಿಗೂ ನಡುವೆ ಏನೋ ನಡೆದಿತ್ತು. ಬಹಳ ವರ್ಷದಿಂದ, ಆ ಅಡುಗೆಮನೆಯ ಕುರ್ಚಿಯಿಂದ ನಡೆದುಬಂದದ್ದು. ಅದರ ನಡುವೆ ನಾನು ಎಂಟು ನಿಮಿಷದ ಕಾಗದ ಹಿಡಿದು ಬಾಯಿ ಹಾಕುವುದು ಹೇಗೆ? ಆ ಕೋಣೆಯಲ್ಲಿ ಬೂಟು ಹಾಕಿ ಕೂತಿರಬಾರದು ಅನಿಸಿ ಬಿಚ್ಚಿಟ್ಟೆ. ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿದೆ. ಆಂಟಿಯ ಕೈ ಹಿಡಿದು ಸುಮ್ಮನೆ ಕೂತೆ.

ಎಷ್ಟು ಹೊತ್ತೋ. ಬೆಳಕು ಗೋಡೆಯಿಂದ ಇಳಿದಿತ್ತು. ಆಂಟಿ ಕಣ್ಣು ತೆರೆಯದೆ ಕೇಳಿದರು, "ರೆಬೆಕಾ. ಇದ್ದೀಯಾ?"

"ಇದ್ದೇನೆ ಆಂಟಿ."

ಮೂವತ್ತೊಂದು ದಿನದ ಮೇಲೆ ಬಂದ ಸ್ವರ. ನನ್ನದು ಎಂದು ನನಗೇ ಗುರುತು ಸಿಗಲಿಲ್ಲ, ಅಷ್ಟು ತೆಳ್ಳಗಿತ್ತು.

"ಹಾಂ," ಎಂದರು ಆಂಟಿ. ಮುಖದಲ್ಲಿ ಏನೋ ಸಡಿಲವಾಯಿತು. "ಅಷ್ಟು ಸಾಕು."

೯ ಡಿಸೆಂಬರ್, ಶನಿವಾರ

ಹಿಲ್ಡಾ ಆಂಟಿ ಬೆಳಿಗ್ಗೆ ಹೋದರು.

ಅತ್ತು ಮುಗಿದ ಮೇಲೆ ಭಯ ಶುರುವಾಯಿತು. ಕೊಟ್ಟ ಮಾತಿನ ಪ್ರಕಾರ ಪ್ರಾರ್ಥನೆ ಆಗಲಿಲ್ಲವಲ್ಲ. ಕಾಗದ ಬ್ಯಾಗಿನಲ್ಲೇ ಇದೆ. ಅದಕ್ಕಿಂತ ದೊಡ್ಡ ಭಯ, ಫೋನಿನದ್ದು. ಕಿಟಕಿಯಲ್ಲಿ ಹದಿನಾಲ್ಕು ಜನ ಕಾಯುತ್ತಿದ್ದರೆಂಬುದು ನನಗೆ ಮನೆಗೆ ಬಂದ ಮೇಲೆ ನೆನಪಾದದ್ದು. ಅಷ್ಟರಲ್ಲಿ ಚಾರ್ಜ್ ಮುಗಿದು ಫೋನ್ ಸತ್ತಿತ್ತು. ಎಲ್ಲರೂ ಏನೆಂದುಕೊಂಡರೋ ಎಂದು ಜೋಶುವಾಗೆ ಬರೆದು ತೋರಿಸಿದೆ.

ಜೋಶುವಾ, "ನಾನು ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಲ್ಲೇ ಕೂತಿದ್ದೆ," ಎಂದರು. "ಮೊದಲು ನೆಟ್‌ವರ್ಕ್ ಹೋಗಿದೆ ಅಂತ ಗ್ರಹಿಸಿದೆ. ಮತ್ತೆ ಆಂಟಿಯ ಉಸಿರು ಕೇಳಿಸ್ತು. ಹಾಗೇ ಕೂತೆ. ಒಂದು ಗಂಟೆ ಐವತ್ತು ನಿಮಿಷ."

ಉಳಿದವರು ಯಾವಾಗ ಹೋದರು ಎಂದು ಬರೆದೆ.

"ಯಾರೂ ಹೋಗ್ಲಿಲ್ಲ ರೆಬೆಕಾ. ಸುನಿಲಕುಮಾರ್ ಕೂಡ. ನೀನು ಆಂಟಿಗೆ ಇದ್ದೇನೆ ಅಂದೆಯಲ್ಲ, ಆಗ ಅವನು ಮೈಕ್ ಆನ್ ಉಂಟು ಅಂತ ಗೊತ್ತಿಲ್ಲದೆ ಜೋರಾಗಿ ಅತ್ತ." ಇಷ್ಟು ಹೇಳಿ ಇವರು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು, ತೊಳೆಯಲು ಪಾತ್ರೆ ಏನೂ ಇರಲಿಲ್ಲ.

೧೨ ಡಿಸೆಂಬರ್, ಮಂಗಳವಾರ

ಫ್ರಾವ್ ಲಿಂಡ್ನರ್ ಹಾಳೆ ನೋಡಿ ಬೈದರು. ಶುಕ್ರವಾರ ಎರಡು ಪದ, ಉಳಿದ ದಿನ ಸೊನ್ನೆ. ಗಂಟಲಿಗೆ ಅಭ್ಯಾಸ ಬೇಕು, ಹತ್ತು ನಿಮಿಷವನ್ನು ಪೂರ್ತಿ ಬಳಸಬೇಕು, ಸುಮ್ಮನಿದ್ದರೂ ಸ್ವರ ಕೆಡುತ್ತದೆ ಎಂದರು. ಕ್ಷಮಿಸಿ, ಮರೆತುಹೋಯಿತು ಎಂದೆ. ಮಾತಾಡುವುದನ್ನು ಮರೆತ ರೋಗಿ ಅವರಿಗೆ ಇದುವರೆಗೆ ಸಿಕ್ಕಿಲ್ಲವಂತೆ.

ಇನ್ನು ದಿನಾ ಸಂಜೆ ಊಟದ ಮೊದಲು ಹತ್ತು ನಿಮಿಷ ಜೋಶುವಾ ಹತ್ತಿರ ಮಾತು. ಇವತ್ತು ಅವರೇ ಆರು ನಿಮಿಷ ಮಾತಾಡಿದರು. ಆಫೀಸಿನಲ್ಲಿ ಅವರಿಗೆ ಎರಡು ವರ್ಷದಿಂದ ಎಷ್ಟು ಕಷ್ಟವಿದೆ ಎಂಬುದು ನನಗೆ ತಿಳಿದಿರಲಿಲ್ಲ.

೧೩ ಡಿಸೆಂಬರ್, ಬುಧವಾರ

ಬೆಳಿಗ್ಗೆ ಕೆಲ್ಲರಿಗೆ ಇಳಿಯುವಾಗ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ಜೋಶುವಾ. ಸ್ವೆಟರ್ ತಿರುಗುಮುರುಗು ಹಾಕಿದ್ದರು. ದೊಡ್ಡ ಸೂಟ್‌ಕೇಸನ್ನು ಎಳೆದು ಅದರ ಮೇಲೆ ಕೂತರು.

ಮೂರು ನಿಮಿಷಕ್ಕೆ ಲೈಟ್ ಆರಿತು. ಸೂಟ್‌ಕೇಸ್ ಕಿರುಗುಟ್ಟಿತು, ಸ್ವಿಚ್ ಒತ್ತಲು ಎದ್ದರು. ಕತ್ತಲಲ್ಲಿ ಎರಡು ಹೆಜ್ಜೆ. ಆಮೇಲೆ ಹೆಜ್ಜೆ ನಿಂತಿತು. ನಾನು ಕಾದೆ.

ಸೂಟ್‌ಕೇಸ್ ಮತ್ತೊಮ್ಮೆ ಕಿರುಗುಟ್ಟಿತು. ಇವರು ವಾಪಸ್ ಬಂದು ಕೂತಿದ್ದರು.